ಯಂತ್ರಕ್ಕೆ ಮರುಜೀವ, ಮನುಷ್ಯನಿಗೆ ಮರುಬಾಳು

ಪ್ರೀತಿ ಎಂಬುದು ಮಾನವನ ಬದುಕಿನಲ್ಲಿ ಒಮ್ಮೆ ಬಂದು ಹೋಗುವ ಅತಿಥಿಯೋ, ಮತ್ತೊಮ್ಮೆ ಬಾಗಿಲಿಗೆ ಬರಬಲ್ಲ ಬಂಧುವೋ? ಈ ಪ್ರಶ್ನೆಗೆ ಉತ್ತರವನ್ನು ನಾನು ಬಹುಕಾಲ ಗ್ರಂಥಗಳಲ್ಲಿ ಹುಡುಕಿದೆ, ಹಿರಿಯರ ಉಪದೇಶಗಳಲ್ಲಿ ಅರಸಿದೆ. ಅದು ದೊರೆತದ್ದು ಮಾತ್ರ ನಿರೀಕ್ಷಿಸದ ಸ್ಥಳದಲ್ಲಿ, ಹಳೆಯ ಮೋಟಾರ್ ಸೈಕಲ್ಲುಗಳನ್ನು ಪ್ರೀತಿಸುವ ಗೆಳೆಯರ ಬಳಗವೊಂದರಲ್ಲಿ. ಮಠದ ನೆರಳಿನಲ್ಲಿ ಬೆಳೆದವನಿಗೂ ಫಟಫಟಿ ಗಾಡಿಗೂ ಎಲ್ಲಿಯ ನಂಟು ಎಂದು ಓದುಗರು ನಗಬಹುದು. ಆದ್ದರಿಂದ ಆ ನಂಟಿನಿಂದಲೇ ಮೊದಲು ಮಾಡುತ್ತೇನೆ.

ನನ್ನೂರು ಅಗಡಿ. ಆನಂದವನದಿಂದಲೂ, ಅಲ್ಲಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಿಂದಲೂ ಹೆಸರು ಪಡೆದ ಊರು. ಆ ಪತ್ರಿಕೆಯನ್ನು ಸಂಪಾದಿಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಅವರಷ್ಟು ನಡೆಯುವ ಶಕ್ತಿ ನನಗಿರಲಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಓದು ಮುಗಿಸಿ, ಹಳ್ಳಿಹಳ್ಳಿಗೆ ಪ್ರವಚನಕ್ಕೆ ಹೋಗುವ ಕಾಯಕ ಹಿಡಿದಾಗ, ಸಂಜೆಯ ಬಸ್ಸು ತಪ್ಪಿದರೆ ಬಸ್ ನಿಲ್ದಾಣದ ಕಟ್ಟೆಯೇ ನನಗೆ ಹಾಸಿಗೆಯಾಗುತ್ತಿತ್ತು. 1986ರಲ್ಲಿ ಒಬ್ಬ ಭಕ್ತರು ತಾವು ಬಳಸಿ ಬಿಟ್ಟ ಯೆಜ್ಡಿ ಗಾಡಿಯೊಂದನ್ನು ಅಲ್ಪ ಬೆಲೆಗೆ ಕೊಟ್ಟರು. ಅಂದಿನಿಂದ ಇಂದಿನವರೆಗೆ ಅದು ನನ್ನ ಬಳಿಯಿದೆ. ಪಂಚೆ ಎತ್ತಿ ಕಟ್ಟಿ ನಾನು ಅದನ್ನು ಒದ್ದು ಎಬ್ಬಿಸುವುದನ್ನು ನೋಡಲು ಹಿಂದೆ ಮಕ್ಕಳು ಗುಂಪುಗೂಡುತ್ತಿದ್ದರು. ಇಂದು ಅದೇ ಮಕ್ಕಳ ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ.

ಮೈಸೂರಿನಲ್ಲಿ ಹುಟ್ಟಿದ ಗಾಡಿ

ಈ ಗಾಡಿಯ ಕುಲಮೂಲ ದೂರದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ಆ ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಕರೆದು, ಪ್ರಾಗ್ ನಗರದಲ್ಲಿ ಗಾಡಿ ತಯಾರಿಸಲು ತೊಡಗಿದ. ಆ ಜಾವಾ ನಮ್ಮ ನಾಡಿಗೆ ಬಂದದ್ದು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರ ಸಾಹಸದಿಂದ. ಅವರು ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ‘ಜಾವಾ ಎಂದರೆ ಜಯಚಾಮರಾಜ ಒಡೆಯರೇ’ ಎಂದು ಮೈಸೂರಿಗರು ಅಭಿಮಾನದಿಂದ ವಿನೋದ ಮಾಡುತ್ತಿದ್ದುದುಂಟು. 1973ರ ಸುಮಾರಿಗೆ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನ್ ದೇಶದ ಯಜ್ದ್ ಎಂಬ ಪುರಾತನ ಪಟ್ಟಣದ ನೆನಪು ಆ ಹೆಸರಿನಲ್ಲಿದೆ.

ಈ ಗಾಡಿಯ ರಚನೆಯಲ್ಲಿ ಒಂದು ವಿಶೇಷವುಂಟು. ಎಂಜಿನ್ ಎಬ್ಬಿಸುವ ಕಿಕ್ಕರ್ ಬೇರೆ, ಗೇರು ಬದಲಿಸುವ ಸನ್ನೆ ಬೇರೆ ಎಂದಿಲ್ಲ. ಒದ್ದು ಎಬ್ಬಿಸಿದ ಸನ್ನೆಯನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಸನ್ನೆಯಾಗುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಅಳತೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಇಂತಹ ಗಾಡಿಯನ್ನು ಸಾಕುವವನಿಗೆ ತಾಳ್ಮೆ ತಾನಾಗಿಯೇ ಬರುತ್ತದೆ.

ಎಂಬತ್ತರ ದಶಕದಲ್ಲಿ ಜಪಾನಿನ ಸಹಯೋಗದ ನೂರು ಸಿಸಿ ಗಾಡಿಗಳು ಬಂದವು. ಅವು ಸ್ವಲ್ಪ ಪೆಟ್ರೋಲಿಗೆ ಬಹುದೂರ ಓಡಿದವು. ಹೊಗೆಯ ಮೇಲಿನ ಸರ್ಕಾರಿ ನಿಯಮಗಳು ಬಿಗಿಯಾದವು. ಕೊನೆಗೆ 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ದುಡಿದ ಕುಟುಂಬಗಳ ಪಾಲಿಗೆ ಅದು ಅನ್ನದ ಬಾಗಿಲೇ ಆಗಿತ್ತು. ಇತ್ತ ಊರೂರಿನ ಯೆಜ್ಡಿಗಳು ದನದ ಕೊಟ್ಟಿಗೆ ಸೇರಿದವು, ಮೆಣಸಿನಕಾಯಿ ಚೀಲಗಳ ಹಿಂದೆ ಮರೆಯಾದವು, ಗುಜರಿಗೆ ಹೋದವು.

ಆದರೆ ಕೆಲವರು ಅವನ್ನು ಬಿಡಲಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಜಾವಾ ಯೆಜ್ಡಿ ಪ್ರಿಯರ ಕ್ಲಬ್ಬುಗಳು ಹುಟ್ಟಿಕೊಂಡವು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಂತರರಾಷ್ಟ್ರೀಯ ಜಾವಾ ದಿನವೆಂದು ಅವರು ಒಟ್ಟುಗೂಡಿ ಆಚರಿಸುತ್ತಾರೆ. ಗುಜರಿಯಿಂದ ಬಿಡಿಭಾಗ ಹೆಕ್ಕಿ ತಂದು, ವಯಸ್ಸಾದ ಮೇಸ್ತ್ರಿಗಳನ್ನು ಹುಡುಕಿ ಹೋಗಿ, ಸತ್ತ ಗಾಡಿಗಳನ್ನು ಎಬ್ಬಿಸಿದರು. ಈ ಪ್ರೀತಿ ಉಳಿದುಕೊಂಡಿದ್ದುದರಿಂದಲೇ ಮುಚ್ಚಿಹೋದ ಹೆಸರಿಗೆ ಮತ್ತೆ ಬೆಲೆ ಬಂದಿತೆನ್ನಬೇಕು. 2018ರ ನವೆಂಬರಿನಲ್ಲಿ ಜಾವಾ ಹೆಸರಿನ ಗಾಡಿಗಳೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನ ಗಾಡಿಗಳೂ ಹೊಸದಾಗಿ ಮಾರುಕಟ್ಟೆಗೆ ಬಂದವು. ಈಗ ಅವು ಮೈಸೂರಿನಲ್ಲಿ ತಯಾರಾಗುವುದಿಲ್ಲ. ಆದರೂ ಇಪ್ಪತ್ತೆರಡು ವರ್ಷಗಳ ನಂತರ ಒಂದು ಹೆಸರಿಗೆ ಮರುಹುಟ್ಟು ದೊರೆತದ್ದು ಸಣ್ಣ ಮಾತಲ್ಲ.

ಸಂಘವೆಂದರೆ ಬರಿಯ ಸವಾರಿಯಲ್ಲ

ಮೋಟಾರ್ ಸೈಕಲ್ ಕ್ಲಬ್ಬು ಎಂದೊಡನೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಪುಂಡರ ಕೂಟ, ಹಣವಂತರ ಹವ್ಯಾಸ ಎಂಬ ಭಾವನೆ ಸಾಮಾನ್ಯ. ಈ ಭಾವನೆ ನಮ್ಮಲ್ಲಿ ಮಾತ್ರವಲ್ಲ, ಇಂಗ್ಲೆಂಡಿನಲ್ಲಿಯೂ ಇತ್ತು. ಲಂಡನ್ನಿನ ಹೊರವಲಯದ ಹೆದ್ದಾರಿಯಲ್ಲಿ ಏಸ್ ಕೆಫೆ ಎಂಬ ಉಪಾಹಾರ ಗೃಹವೊಂದಿತ್ತು. ಐವತ್ತು ಅರವತ್ತರ ದಶಕಗಳಲ್ಲಿ ಚರ್ಮದ ಅಂಗಿ ತೊಟ್ಟ ಯುವಕರು ಅಲ್ಲಿ ನೆರೆಯುತ್ತಿದ್ದರು, ಅತಿವೇಗದಲ್ಲಿ ಓಡಿಸಿ ಪ್ರಾಣ ಕಳೆದುಕೊಳ್ಳುತ್ತಿದ್ದರು. ಪತ್ರಿಕೆಗಳು ಅವರನ್ನು ಸಮಾಜಕಂಟಕರೆಂದು ಬಣ್ಣಿಸುತ್ತಿದ್ದವು.

ಅದೇ ನಗರದ ಹ್ಯಾಕ್ನಿ ವಿಕ್ ಎಂಬ ಬಡವರ ಬಡಾವಣೆಯ ಚರ್ಚಿನಲ್ಲಿ 1959ರಲ್ಲಿ ‘59 ಕ್ಲಬ್’ ಎಂಬ ಯುವಕ ಸಂಘ ಆರಂಭವಾಗಿತ್ತು. ಅಲ್ಲಿನ ಪಾದ್ರಿ ಬಿಲ್ ಶೆರ್ಗೋಲ್ಡ್ ಸ್ವತಃ ಮೋಟಾರ್ ಸೈಕಲ್ ಸವಾರರು. ಅವರು 1962ರಲ್ಲಿ ತಮ್ಮ ಗಾಡಿಯನ್ನೇರಿ ಏಸ್ ಕೆಫೆಗೆ ಹೋಗಿ, ಆ ಯುವಕರನ್ನು ಚರ್ಚಿನ ಪ್ರಾರ್ಥನೆಗೆ ಆಹ್ವಾನಿಸಿದರು. ಯುವಕರು ಗಾಡಿಗಳ ಸಮೇತ ಬಂದರು. ಪಾದ್ರಿಗಳು ಗಾಡಿಗಳನ್ನೂ ಸವಾರರನ್ನೂ ಹರಸಿದರು. ಅಲ್ಲಿಂದ ಮುಂದೆ ಆ ಸಂಘ ಸಾವಿರಾರು ಯುವಕರಿಗೆ ಆಶ್ರಯವಾಯಿತು. ಊರು ದೂರ ಸರಿಸಿದವರ ಬಳಿಗೆ ಒಬ್ಬ ಧರ್ಮಗುರು ತಾನಾಗಿ ನಡೆದು ಹೋದುದು ಇಲ್ಲಿ ಮುಖ್ಯ. ‘ಮೊದಲು ಬದಲಾಗಿ, ಆಮೇಲೆ ಬನ್ನಿ’ ಎನ್ನದೆ ‘ಇದ್ದಂತೆಯೇ ಬನ್ನಿ’ ಎಂದು ಕರೆದುದು ಇನ್ನೂ ಮುಖ್ಯ. ಎರಡನೆಯ ಅವಕಾಶವೆಂಬುದು ಬೇಡಿ ಪಡೆಯುವಂಥದಲ್ಲ, ಕರೆದು ಕೊಡುವಂಥದು ಎಂಬ ಮಾತು ನನಗೆ ಆ ಪಾದ್ರಿಗಳ ಕಥೆಯಿಂದ ಮನವರಿಕೆಯಾಯಿತು.

ನಮ್ಮ ಕಡೆಯ ಬಳಗ ಅಷ್ಟು ದೊಡ್ಡದಲ್ಲ. ಅಗಡಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಹತ್ತು ಹನ್ನೆರಡು ಜನ. ನೋಂದಣಿಯಿಲ್ಲ, ಫಲಕವಿಲ್ಲ, ಅಧ್ಯಕ್ಷರಿಲ್ಲ. ಒಬ್ಬರು ರೈತರು, ಒಬ್ಬರು ಮೆಣಸಿನಕಾಯಿ ದಲಾಲರು, ಇಬ್ಬರು ಶಿಕ್ಷಕರು, ಒಬ್ಬರು ಗ್ಯಾರೇಜಿನ ಮೇಸ್ತ್ರಿ. ತಿಂಗಳಿಗೊಂದು ಭಾನುವಾರ ನಸುಕಿನಲ್ಲಿ ಹೊರಟು, ಚೌಡದಾನಪುರದ ಮುಕ್ತೇಶ್ವರನ ಗುಡಿಯ ಬಳಿ ತುಂಗಭದ್ರೆಯ ದಂಡೆಯಲ್ಲಿ ಬುತ್ತಿ ಬಿಚ್ಚುತ್ತೇವೆ. ಒಬ್ಬರ ಗಾಡಿ ಕೆಟ್ಟರೆ ಎಲ್ಲರೂ ನಿಲ್ಲಬೇಕೆಂಬುದೊಂದೇ ನಿಯಮ.

ನಿಂತುಹೋದ ಗಾಡಿ

ಬಳಗದ ಶಿಕ್ಷಕರೊಬ್ಬರು ಒಂದು ಭಾನುವಾರ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಅವರ ಧರ್ಮಪತ್ನಿ ದೀರ್ಘ ಅನಾರೋಗ್ಯದಿಂದ ಲಿಂಗೈಕ್ಯರಾಗಿದ್ದರು. ವರ್ಷ ಕಳೆದರೂ ಅವರು ಗಾಡಿ ಹೊರಗೆ ತೆಗೆಯಲಿಲ್ಲ. ಐವತ್ತೆರಡು ವಯಸ್ಸಿನ ಆ ಮನುಷ್ಯ ಶಾಲೆಗೆ ಹೋಗಿ ಬರುವುದು, ಬೆಳಗಿನ ಅನ್ನವನ್ನೇ ರಾತ್ರಿಯೂ ಉಣ್ಣುವುದು ಇಷ್ಟರಲ್ಲಿಯೇ ಸವೆಯುತ್ತಿದ್ದರು. ಮಗ ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದ.

ಕೊನೆಗೊಂದು ದಿನ ಮೇಸ್ತ್ರಿ ಕೇಳದೆಯೇ ಅವರ ಮನೆಗೆ ಹೋಗಿ, ಅಂಗಳದಲ್ಲಿ ಕುಳಿತು ಗಾಡಿ ಬಿಚ್ಚಿದರು. ನಾವೂ ಸರದಿಯ ಮೇಲೆ ಹೋಗತೊಡಗಿದೆವು. ಕಾರ್ಬ್ಯುರೇಟರ್ ತೊಳೆಯುವ ನೆಪದಲ್ಲಿ ಮಾತು, ಮಾತಿನ ನೆಪದಲ್ಲಿ ಊಟ. ಆ ಊಟ ಬರುತ್ತಿದ್ದುದು ಬಳಗದ ಇನ್ನೊಬ್ಬ ಗೆಳೆಯರ ತಂಗಿಯ ಮನೆಯಿಂದ. ಆಕೆ ಹನ್ನೊಂದು ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲದವರು. ಹೊಲಿಗೆಯ ಕಾಯಕ ಮಾಡುತ್ತ, ವಯಸ್ಸಾದ ಅತ್ತೆಯನ್ನು ನೋಡಿಕೊಂಡಿದ್ದರು. ಬುತ್ತಿಯ ಡಬ್ಬಿ ಹೋಗುವುದು, ತೊಳೆದ ಡಬ್ಬಿ ಮರಳುವುದು ಹೀಗೆ ಆರು ತಿಂಗಳು ನಡೆಯಿತು. ಇಬ್ಬರ ಮನಸ್ಸೂ ಒಂದಾದುದು ಬಳಗಕ್ಕೆ ತಿಳಿಯಿತು. ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮಗನ ಕಿವಿಗೆ ಸುದ್ದಿ ಮುಟ್ಟಿ, ಆತ ‘ನನ್ನ ಹೆಂಡತಿಯ ತವರಿನವರ ಮುಂದೆ ತಲೆ ಎತ್ತುವುದು ಹೇಗೆ?’ ಎಂದು ಫೋನಿನಲ್ಲಿ ಕೂಗಾಡಿದ. ಹಿರಿಯರೆಂದು ನನ್ನನ್ನು ಮಾತಿಗೆ ಕರೆದರು.

ಉಡಿಕೆಯ ಕತ್ತಲೆ

ಓದುಗರೇ, ನಮ್ಮ ಸಮಾಜಕ್ಕೆ ಮರುಮದುವೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಲಿಂಗಾಯತರ ಬಹುತೇಕ ಪಂಗಡಗಳಲ್ಲಿ ಉಡಿಕೆ, ಸೀರುಡಿಕೆ, ಕೂಡಿಕೆ ಎಂಬ ಹೆಸರುಗಳಿಂದ ವಿಧವೆಯರ ಮದುವೆ ಹಿಂದಿನಿಂದಲೂ ನಡೆದು ಬಂದಿದೆ. ಗಂಡ ಸತ್ತ ಹೆಣ್ಣು ಬದುಕಬೇಕು, ಬಾಳಬೇಕು ಎಂಬ ವಿವೇಕ ನಮ್ಮ ಒಕ್ಕಲು ಮನೆಗಳಿಗೆ ಇತ್ತು. ಇದು ಅಭಿಮಾನದ ಸಂಗತಿ.

ಆದರೆ ಆ ಅಭಿಮಾನಕ್ಕೆ ಇನ್ನೊಂದು ಮುಖವಿದೆ. ಉಡಿಕೆ ಹೆಚ್ಚಾಗಿ ನಡೆಯುತ್ತಿದ್ದುದು ರಾತ್ರಿಯ ಹೊತ್ತು, ವಾದ್ಯವಿಲ್ಲದೆ, ಹಂದರವಿಲ್ಲದೆ. ಮುತ್ತೈದೆಯರು ಅತ್ತ ಮುಖ ಹಾಕುತ್ತಿರಲಿಲ್ಲ. ಉಡಿಕೆಯಾದ ಹೆಣ್ಣನ್ನು ಮಂಗಳಕಾರ್ಯಗಳಲ್ಲಿ ಹಿಂದಕ್ಕೆ ಸರಿಸುತ್ತಿದ್ದರು. ಆಕೆಯ ಮಕ್ಕಳಿಗೆ ಸಂಬಂಧ ಕೂಡಿಸುವಾಗ ಹಳೆಯ ಮಾತು ಎತ್ತುತ್ತಿದ್ದರು. ಅವಕಾಶ ಕೊಟ್ಟೆವು, ಗೌರವ ಕೊಡಲಿಲ್ಲ. ಇನ್ನು ನಮ್ಮಂತಹ ಅಯ್ಯನವರ ಮನೆತನಗಳಲ್ಲಿಯಂತೂ ಆ ಅವಕಾಶವೂ ಇರಲಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಮುಚ್ಚಿಡದೆ ಹೇಳಬೇಕು. ನನ್ನ ಅಕ್ಕ ಇಪ್ಪತ್ತಾರನೆಯ ವಯಸ್ಸಿಗೆ ವಿಧವೆಯಾಗಿ ತವರಿಗೆ ಬಂದಳು. ಎರಡು ವರ್ಷಗಳ ನಂತರ ಒಬ್ಬ ಸದ್ಗೃಹಸ್ಥರು ಕೇಳಿ ಬಂದರು. ತಂದೆಯವರು ನನ್ನ ಮುಖ ನೋಡಿದರು, ಏಕೆಂದರೆ ಮನೆಯಲ್ಲಿ ಓದಿದವನು ನಾನು. ಸಮಾನತೆಯ ಮೇಲೆ ಊರೂರಿಗೆ ಪ್ರವಚನ ಹೇಳುತ್ತಿದ್ದ ನಾನು ಆ ದಿನ ‘ಮನೆತನದಲ್ಲಿ ಪದ್ಧತಿಯಿಲ್ಲ’ ಎಂದುಬಿಟ್ಟೆ. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಆಕೆ ಎಂದೂ ನನ್ನನ್ನು ಆಕ್ಷೇಪಿಸಲಿಲ್ಲ, ನನ್ನ ಮಕ್ಕಳನ್ನು ತನ್ನ ಮಕ್ಕಳಂತೆ ಸಾಕಿದಳು, ಹಾಗೆಯೇ ಲಿಂಗೈಕ್ಯಳಾದಳು. ಮನೆಯ ಮೂಲೆಯಲ್ಲಿ ಮುರಿದು ಬಿದ್ದ ಗಾಡಿಗೆ ನಾನು ಎರಡು ಸಲ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದ್ದೇನೆ. ಅದೇ ಮನೆಯಲ್ಲಿದ್ದ ಜೀವಕ್ಕೆ ಒಂದು ಮಾತಿನ ಆಸರೆ ಕೊಡಲಿಲ್ಲ.

ಕಾನೂನಿನ ಬೆಳಕು

ಈ ಹಾದಿಯಲ್ಲಿ ನಮಗಿಂತ ಮೊದಲು ನಡೆದು ಕಷ್ಟಪಟ್ಟ ಮಹನೀಯರಿದ್ದಾರೆ. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದ ಫಲವಾಗಿ 1856ರಲ್ಲಿ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಬಂದಿತು. ಅವರು ಪರರಿಗೆ ಬೋಧಿಸಿ ಸುಮ್ಮನಾಗಲಿಲ್ಲ, 1870ರಲ್ಲಿ ಅವರ ಮಗನೇ ವಿಧವೆಯನ್ನು ವರಿಸಿದ. ಪುಣೆಯ ಧೋಂಡೋ ಕೇಶವ ಕರ್ವೆಯವರು ಪತ್ನಿಯನ್ನು ಕಳೆದುಕೊಂಡ ಮೇಲೆ 1893ರಲ್ಲಿ ವಿಧವೆಯೇ ಬೇಕೆಂದು ಗೋದೂಬಾಯಿಯವರನ್ನು ಮದುವೆಯಾದರು. ಅದಕ್ಕಾಗಿ ಹುಟ್ಟೂರಿನ ಬಹಿಷ್ಕಾರವನ್ನು ಉಂಡರು. ಅದೇ ಕರ್ವೆಯವರನ್ನು ದೇಶ 1958ರಲ್ಲಿ ಭಾರತರತ್ನವೆಂದು ಗೌರವಿಸಿತು.

1856ರ ಕಾಯ್ದೆಯಲ್ಲಿ ಒಂದು ಕೊರತೆಯಿತ್ತು. ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡನಿಂದ ಉತ್ತರಾಧಿಕಾರವಾಗಿ ಹೆಂಡತಿಗೆ ಬಂದ ಪಾಲು ಆಕೆಯದೇ ಆಯಿತು. ಆಮೇಲೆ ಮದುವೆಯಾದಳೆಂಬ ಕಾರಣಕ್ಕೆ ಅದನ್ನು ಕಸಿದುಕೊಳ್ಳುವಂತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವರು, ಲಿಂಗಾಯತರು ಎಂದು ಹೆಸರು ಹಿಡಿದೇ ಹೇಳಿ ನಮ್ಮನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಆ ಕಾಯ್ದೆಯ ಕಣ್ಣಿನಲ್ಲಿ ಮೊದಲ ಮದುವೆ ಮೇಲು, ಎರಡನೆಯದು ಕೀಳು ಎಂಬ ಭೇದವಿಲ್ಲ. ಮದುವೆಯ ಕಾಲಕ್ಕೆ ಜೀವಂತ ಸಂಗಾತಿ ಇರಬಾರದು, ಅಥವಾ ಹಿಂದಿನ ಮದುವೆ ನ್ಯಾಯಾಲಯದಲ್ಲಿ ಅಂತಿಮವಾಗಿ ಮುಗಿದಿರಬೇಕು, ಅಷ್ಟೇ. ಆದ್ದರಿಂದ ಮರುಮದುವೆ ಮಾಡುವ ಮನೆಗಳು ಅದನ್ನು ತಪ್ಪದೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ಆಸ್ತಿಯ ಮಾತನ್ನು ಮಕ್ಕಳ ಎದುರಿನಲ್ಲಿಯೇ ಮೊದಲು ತೀರ್ಮಾನಿಸಿ ಬರೆದಿಡಬೇಕು. ಎಷ್ಟೋ ಮನೆಗಳಲ್ಲಿ ‘ಮರ್ಯಾದೆ’ ಎಂಬ ಮಾತಿನ ಹಿಂದೆ ಅಡಗಿರುವುದು ಹೊಲದ ಚಿಂತೆಯೇ ಎಂಬುದನ್ನು ನಾನು ಕಂಡಿದ್ದೇನೆ.

ಹಗಲಿನ ಮದುವೆ

ಆ ತಂಗಿಯ ಮನೆಗೆ ನಾನು ಹೋದಾಗ ಅತ್ತೆಯವರು ವಿರೋಧಿಸಬಹುದೆಂದು ಎಣಿಸಿದ್ದೆ. ಎಪ್ಪತ್ತೆಂಟು ವಯಸ್ಸಿನ ಆ ತಾಯಿ ನನ್ನನ್ನು ಕೂರಿಸಿ ಹೇಳಿದರು: “ಅಯ್ಯನವರ, ನಾ ಇರೂತನಕ ಈಕಿಗೆ ನಾ ಅದೇನಿ. ನಾ ಹೋದಮ್ಯಾಲೆ ಯಾರು? ಮಗನ್ನಂತೂ ಕಳಕೊಂಡೆ. ಈಕಿ ಬಾಳೇವು ಹಾಳಾದ್ರ ಶಿವನ ಮುಂದ ಏನಂತ ಹೇಳ್ಲಿ? ನೀವು ಸುಮ್ಮನ ಮುಂದ ನಿಂತು ಮಾಡ್ರಿ.” ಅಕ್ಷರ ಬಾರದ ಆ ತಾಯಿಯ ಎದುರು ನನ್ನ ಓದೆಲ್ಲ ತಲೆತಗ್ಗಿಸಿತು.

ಮಗನೊಡನೆ ಮಾತು ಕಠಿಣವಾಗಿತ್ತು. ಬಳಗದ ನಾಲ್ವರು ಬೆಂಗಳೂರಿಗೆ ಹೋದೆವು. ‘ನಿನ್ನ ತಾಯಿಯ ಸ್ಥಾನಕ್ಕೆ ಯಾರನ್ನೂ ತರುತ್ತಿಲ್ಲ, ನಿನ್ನ ತಂದೆಯ ಒಂಟಿತನಕ್ಕೆ ಜೊತೆ ತರುತ್ತಿದ್ದೇವೆ’ ಎಂದೆವು. ಆತ ಉತ್ತರ ಕೊಡಲಿಲ್ಲ. ನನ್ನ ಅಕ್ಕನ ಸಂಗತಿಯನ್ನು, ಮೂವತ್ತಕ್ಕೂ ಹೆಚ್ಚು ವರ್ಷ ಯಾರ ಮುಂದೆಯೂ ಹೇಳದಿದ್ದುದನ್ನು, ಅಂದು ಆ ಹುಡುಗನ ಮುಂದೆ ಹೇಳಿದೆ. ಆಗ ಆತನ ಹೆಂಡತಿ ಒಳಗಿನಿಂದ ಬಂದು, ‘ನನ್ನ ತವರಿನವರಿಗೆ ನಾನು ಹೇಳುತ್ತೇನೆ’ ಎಂದಳು. ಮಾತು ಅಲ್ಲಿಗೆ ನಿಂತಿತು.

ಮದುವೆ ಹಗಲಿನಲ್ಲಿಯೇ ಆಯಿತು. ಬೆಳಗಿನ ಹನ್ನೊಂದು ಗಂಟೆಗೆ, ಹಂದರದ ಕೆಳಗೆ, ಊರ ಮುತ್ತೈದೆಯರ ಸಮಕ್ಷಮದಲ್ಲಿ. ಅತ್ತೆಯವರೇ ಸೊಸೆಯ ಉಡಿ ತುಂಬಿದರು. ಇಬ್ಬರು ಹಿರಿಯರು ಬರಲಿಲ್ಲ, ನಾಲ್ವರು ಬಂದೂ ಊಟಕ್ಕೆ ನಿಲ್ಲಲಿಲ್ಲ. ಮಗ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತ. ಹೆಚ್ಚು ಮಾತನಾಡಲಿಲ್ಲ. ಆದರೆ ಪ್ರಸಾದವಾದ ಮೇಲೆ ತಂದೆಯ ಗಾಡಿಯ ಬಳಿ ಹೋಗಿ, ಮೇಸ್ತ್ರಿಯನ್ನು ‘ಚಾಲೂ ಆಗ್ತದೇನ್ರೀ?’ ಎಂದು ಕೇಳಿದನಂತೆ. ಪೂರ್ಣ ಒಪ್ಪಿಗೆ ಆತನಿಗೆ ಬಂದಿದೆಯೆಂದು ನಾನು ಹೇಳಲಾರೆ. ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ. ಅದು ಸಾಕು, ಉಳಿದದ್ದನ್ನು ಕಾಲ ಮಾಡುತ್ತದೆ. ಅತ್ತೆಯವರು ಈಗ ಹೊಸ ದಂಪತಿಗಳ ಮನೆಯಲ್ಲಿಯೇ ಇದ್ದಾರೆ.

ಆ ಶಿಕ್ಷಕರು ಮತ್ತೆ ಬಳಗಕ್ಕೆ ಬರುತ್ತಾರೆ. ಹಿಂದಿನ ಸೀಟಿನಲ್ಲಿ ಅವರ ಮಡದಿ ಬುತ್ತಿಯ ಚೀಲ ಹಿಡಿದು ಕುಳಿತಿರುತ್ತಾರೆ.

ಆತ್ಮೀಯ ಓದುಗರೇ, ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಇಂತಹ ಜೀವಗಳು ಇರಬಹುದು. ಗಂಡನನ್ನು ಕಳೆದುಕೊಂಡ ಮಗಳು, ಮದುವೆ ಮುರಿದು ಬಂದ ತಂಗಿ, ಒಂಟಿಯಾಗಿ ಉಳಿದ ತಂದೆ. ಎಲ್ಲರಿಗೂ ಮರುಮದುವೆ ಬೇಕೆಂದೇನೂ ಇಲ್ಲ. ಒಂಟಿಯಾಗಿ ಘನತೆಯಿಂದ ಬಾಳುವವರೂ ಇದ್ದಾರೆ, ಅವರ ನಿರ್ಧಾರವನ್ನು ಗೌರವಿಸೋಣ. ಆದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆಯಾದರೂ ಕೇಳೋಣ. ಅವರು ಬಾಗಿಲ ಮರೆಯಲ್ಲಿ ನಿಂತು ನಮ್ಮ ತೀರ್ಪು ಕೇಳುವಂತೆ ಮಾಡದೆ, ಎದುರಿಗೆ ಕೂರಿಸಿ ಕೇಳೋಣ. ಅವರು ‘ಹೂಂ’ ಎಂದರೆ, ಹಂದರವನ್ನು ಹಗಲಿನಲ್ಲಿಯೇ ಹಾಕಿಸೋಣ.

ನನ್ನ ಅಕ್ಕನನ್ನು ನಾನು ಕೇಳಲಿಲ್ಲ. ನೀವು ಕೇಳಿರಿ.